ಡ್ಯೂಟಿ ಚಾರ್ಟು ಪಾಸು ಮಾಡಿದ ಪಂಕಜಾ

ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಮೋಟರು, ಪಂಪುಸೆಟ್ಟು ತಯಾರಿಸುವ ದೊಡ್ಡ ಕಾರ್ಖಾನೆಯೊಂದಿತ್ತು. ಎಪ್ಪತ್ತರ ದಶಕದ ಶುರುವಿನಲ್ಲೇ ಅಲ್ಲಿಗೆ ಕಂಪ್ಯೂಟರು ಬಂದಿತ್ತು. ಅದನ್ನು ಇಟ್ಟಿದ್ದ ತಣ್ಣನೆಯ ಕೋಣೆಯ ಹೊರಗೆ ಎಲ್ಲರೂ ಚಪ್ಪಲಿ ಬಿಡಬೇಕಿತ್ತು. ಹಾಗಾಗಿ ಕಾರ್ಖಾನೆಯ ಜನ ಅದನ್ನು ದೇವರ ಮನೆ ಎಂದೇ ಕರೆಯುತ್ತಿದ್ದರು. ಪಂಕಜಾ ಆ ವಿಭಾಗಕ್ಕೆ ಸೇರಿದ್ದು ವೆರಿಫೈಯರ್ ಆಗಿ.

ಆಗ ಕಂಪ್ಯೂಟರಿಗೆ ಏನು ಹೇಳಬೇಕಾದರೂ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು ಹೇಳಬೇಕಿತ್ತು. ಒಬ್ಬಳು ಹುಡುಗಿ ಕಾರ್ಡು ಹೊಡೆದರೆ, ಇನ್ನೊಬ್ಬಳು ಅದೇ ಕಾರ್ಡನ್ನು ಬೇರೊಂದು ಯಂತ್ರಕ್ಕೆ ಹಾಕಿ ಅದೇ ಅಕ್ಷರಗಳನ್ನು ಮತ್ತೆ ಒತ್ತುತ್ತಿದ್ದಳು. ಎರಡೂ ತಾಳೆಯಾಗದಿದ್ದರೆ ಕೆಂಪು ದೀಪ ಹತ್ತುತ್ತಿತ್ತು. ಪಂಕಜಾ ಆ ಇನ್ನೊಬ್ಬಳು. ಗಣಿತದಲ್ಲಿ ಬಿಎಸ್ಸಿ ಮಾಡಿದ್ದವಳಿಗೆ ಇದು ರುಚಿಸುತ್ತಿರಲಿಲ್ಲ. ಪ್ರೋಗ್ರಾಂ ಬರೆಯುವ ಕೆಲಸಕ್ಕೆಂದು ಒಳಗಿನ ಪರೀಕ್ಷೆ ಕಟ್ಟಿ ಪಾಸೂ ಆದಳು. ಆದರೆ ಆ ಜಾಗಕ್ಕೆ ಹೊರಗಿನಿಂದ ಚಕ್ರಪಾಣಿ ಎಂಬ ಚುರುಕು ಹುಡುಗ ಬಂದ. ವಿಭಾಗದ ಮುಖ್ಯಸ್ಥ ಗೋಪೀನಾಥ ಅವಳನ್ನು ಕರೆದು ಕೂರಿಸಿಕೊಂಡರು.

"ನೋಡಿ ಪಂಕಜಾ ಅವರೇ, ಬರೆಯೋರು ಸಿಕ್ತಾರೆ. ಬರೆದದ್ದು ಸರಿ ಇದೆಯಾ ಅಂತ ನೋಡೋರು ನನ್ನ ಹತ್ರ ಯಾರೂ ಇಲ್ಲ. ಅದನ್ನ ನೀವು ನೋಡ್ಕೋತೀರಾ?"

ಕಣ್ಣೊರೆಸಲು ಕೊಟ್ಟ ಕೆಲಸ ಅಂದುಕೊಂಡೇ ಅವಳು ಒಪ್ಪಿಕೊಂಡಳು. ಅದಕ್ಕೊಂದು ಹುದ್ದೆಯ ಹೆಸರೂ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳು ಕೊನೆಯವರೆಗೂ ವೆರಿಫೈಯರೇ.

ಹೇಗೆ ಮಾಡಬೇಕೆಂದು ಹೇಳಿಕೊಡುವವರಿಲ್ಲದ್ದರಿಂದ ಅವಳೇ ಒಂದೊಂದಾಗಿ ರೂಢಿ ಮಾಡಿಕೊಂಡಳು. ಮೊದಲನೆಯದು, ಯಂತ್ರ ಏನು ಉತ್ತರ ಕೊಡಬೇಕೆಂಬುದನ್ನು ಯಂತ್ರ ಓಡುವ ಮುಂಚೆಯೇ ಕೈಯಲ್ಲಿ ಲೆಕ್ಕ ಹಾಕಿ ಬರೆದಿಡುವುದು. ಯಂತ್ರದ ಉತ್ತರ ಮೊದಲು ಕಣ್ಣಿಗೆ ಬಿದ್ದುಬಿಟ್ಟರೆ ಮನಸ್ಸು ಅದಕ್ಕೇ ಕಾರಣ ಹುಡುಕಿ ಒಪ್ಪಿಕೊಂಡುಬಿಡುತ್ತದೆ ಎಂಬುದು ಅವಳಿಗೆ ಬೇಗ ತಿಳಿಯಿತು. ಎರಡನೆಯದು ಅಂಚು. ನಿಯಮ ಎಂಟು ಗಂಟೆ ಎಂದಿದ್ದರೆ ತಪ್ಪು ಇರುವುದು ನಾಲ್ಕರ ಹತ್ತಿರ ಅಲ್ಲ, ಹನ್ನೆರಡರ ಹತ್ತಿರವೂ ಅಲ್ಲ, ಎಂಟರ ಅಕ್ಕಪಕ್ಕದಲ್ಲೇ. ಆ ಅಂಚಿನಲ್ಲಿ ನಿಲ್ಲುವಂಥ ಜನರನ್ನು ಅವಳು ಕಾರ್ಡುಗಳ ಮೇಲೆ ಸೃಷ್ಟಿಸುತ್ತಿದ್ದಳು. ಫೆಬ್ರವರಿ ಇಪ್ಪತ್ತೊಂಬತ್ತಕ್ಕೆ ಕೆಲಸಕ್ಕೆ ಸೇರಿದವನು, ಕಾಗದದ ಮೇಲಿನ ಜಾಗ ಮೀರುವಷ್ಟು ಉದ್ದ ಹೆಸರಿನವನು, ವರ್ಷವಿಡೀ ರಜೆಯಲ್ಲಿರುವವನು.

"ನಿಮ್ಮ ಕಾರ್ಖಾನೇಲಿ ಒಬ್ಬನಾದರೂ ನೆಟ್ಟಗಿರೋ ಮನುಷ್ಯ ಇದಾನಾ ಮೇಡಂ?" ಎಂದು ಚಕ್ರಪಾಣಿ ನಗುತ್ತಿದ್ದ.

ಪ್ರೋಗ್ರಾಮಿನಲ್ಲಿ ಅಡಗಿರುವ ತಪ್ಪಿಗೆ ಬಗ್ ಎಂಬ ಮಾತು ಇಂಗ್ಲಿಷ್ ಪುಸ್ತಕಗಳಿಂದ ಬಂದಿತ್ತು. ಅವರ ವಿಭಾಗದಲ್ಲಿ ಅದು ತಿಗಣೆಯಾಯಿತು. ಬೆಳಗ್ಗೆ ಬಂದವನೇ ಚಕ್ರಪಾಣಿ, "ಇವತ್ತು ಎಷ್ಟು ತಿಗಣೆ ಸಿಕ್ತು?" ಎಂದು ಕೇಳುವನು. ಅವಳು ಮಂಚ ಒದರಿದವಳ ಹಾಗೆ ಕಾಗದ ಹರಡಿ ತೋರಿಸುವಳು. ಜಗಳ ಬರುತ್ತಿದ್ದುದು ಆಮೇಲೆ. ಒಂದು ತಪ್ಪು ತಿದ್ದಿದ ಮೇಲೆ ಹಳೆಯ ಕಾರ್ಡುಗಳನ್ನೆಲ್ಲ ಮತ್ತೆ ಮೊದಲಿನಿಂದ ಓಡಿಸಬೇಕು ಎಂದು ಅವಳು ಹಟ ಹಿಡಿಯುತ್ತಿದ್ದಳು.

"ಅದೆಲ್ಲ ಹೋದ ವಾರಾನೇ ಸರಿ ಬಂದಿತ್ತಲ್ಲ ಮೇಡಂ. ಯಂತ್ರ ಸಿಗೋದೇ ಕಷ್ಟ."

"ಹೋದ ವಾರ ಸರಿ ಇದ್ದಿದ್ದು ಹೋದ ವಾರದ ಪ್ರೋಗ್ರಾಂ ಕಣಪ್ಪ. ಇದು ಬೇರೆ."

ಅವಳ ಗಂಡ ಸೇತುರಾಮ ವಿಜಯನಗರದ ಹೈಸ್ಕೂಲೊಂದರಲ್ಲಿ ಮೇಷ್ಟ್ರು. ಅವಳ ಕೆಲಸ ಏನೆಂದು ನೆಂಟರು ಕೇಳಿದಾಗ, "ನಾನು ಮಕ್ಕಳ ಪೇಪರ್ ತಿದ್ತೀನಿ, ಇವಳು ಯಂತ್ರದ ಪೇಪರ್ ತಿದ್ತಾಳೆ" ಎನ್ನುತ್ತಿದ್ದ. ಪಂಕಜಾಗೆ ಆ ಹೋಲಿಕೆ ಪೂರ್ತಿ ಒಪ್ಪಿಗೆಯಾಗುತ್ತಿರಲಿಲ್ಲ. ಪೇಪರ್ ತಿದ್ದುವವನಿಗೆ ಪ್ರಶ್ನೆಗಳನ್ನು ಯಾರೋ ಮೊದಲೇ ಕೊಟ್ಟಿರುತ್ತಾರೆ. ಇಲ್ಲಿ ಪ್ರಶ್ನೆಯನ್ನೂ ತಾನೇ ಹುಡುಕಬೇಕು, ಅದೇ ಕಷ್ಟ ಎನ್ನುತ್ತಿದ್ದಳು.

ಎಪ್ಪತ್ತೇಳರಲ್ಲಿ ಕಾರ್ಖಾನೆಯ ಬಸ್ಸುಗಳ ಡ್ಯೂಟಿ ಚಾರ್ಟು ಕಂಪ್ಯೂಟರಿಗೆ ಬಂತು. ಮೂರು ಪಾಳಿಯ ಕೆಲಸಗಾರರನ್ನು ಕರೆತರಲು, ಬಿಡಲು ಕಾರ್ಖಾನೆಗೆ ಅದರದೇ ಬಸ್ಸುಗಳಿದ್ದವು. ಯಾವ ಚಾಲಕ ಯಾವ ದಿನ ಯಾವ ದಾರಿ ಎಂದು ಬರೆಯುತ್ತಿದ್ದವನು ಸಾರಿಗೆ ಗುಮಾಸ್ತ ದೊಡ್ಡಣ್ಣ. ಅವನಿಗೆ ಅದು ಸಾಕುಬೇಕಾಗಿ ಹೋಗಿತ್ತು. ಒಬ್ಬನಿಗೆ ಭಾನುವಾರ ಕೊಟ್ಟರೆ ಇನ್ನೊಬ್ಬ ಮುನಿಯುವನು. ಮದುವೆ, ಸೀಮಂತ ಎಂದು ಎಲ್ಲರೂ ಅವನ ಮೇಜಿನ ಮುಂದೆಯೇ ನಿಲ್ಲುವರು. ಹೊಸ ಪ್ರೋಗ್ರಾಮಿನ ನಿಯಮ ಸರಳವಾಗಿತ್ತು. ಒಂದು ಡ್ಯೂಟಿ ಮುಗಿದು ಇನ್ನೊಂದು ಶುರುವಾಗುವ ನಡುವೆ ಎಂಟು ಗಂಟೆ ವಿಶ್ರಾಂತಿ ಇರಬೇಕು. ಎಲ್ಲರಿಗಿಂತ ಹೆಚ್ಚು ವಿಶ್ರಾಂತಿಯಾದವನಿಗೆ ಮುಂದಿನ ಬಸ್ಸು.

ಪಂಕಜಾ ಅದನ್ನು ಎಂದಿನಂತೆ ಪರೀಕ್ಷಿಸಿದಳು. ಎಂಟು ಗಂಟೆಗೆ ಒಂದು ನಿಮಿಷ ಕಡಿಮೆ ಇದ್ದವನು, ಸರಿಯಾಗಿ ಎಂಟಾದವನು, ಒಂದು ನಿಮಿಷ ಹೆಚ್ಚಿದ್ದವನು, ಎಲ್ಲರನ್ನೂ ಕಾರ್ಡಿನ ಮೇಲೆ ನಿಲ್ಲಿಸಿ ನೋಡಿದಳು. ಸಿಕ್ಕ ತಿಗಣೆಗಳನ್ನು ಚಕ್ರಪಾಣಿ ತೆಗೆದ. ಆಮೇಲೆ ಸ್ವಲ್ಪ ಕಾಲ ದೊಡ್ಡಣ್ಣನ ಕೈಬರಹದ ಚಾರ್ಟು, ಯಂತ್ರದ ಚಾರ್ಟು ಎರಡನ್ನೂ ಜೊತೆಜೊತೆಗೆ ತಯಾರಿಸಿ ಹೋಲಿಸಿದರು. ಎಲ್ಲ ಹೊಂದಿತು. 'ಪರೀಕ್ಷಿಸಲಾಗಿದೆ, ಸರಿಯಾಗಿದೆ' ಎಂದು ಬರೆದಿದ್ದ ಕಾಗದಕ್ಕೆ ಪಂಕಜಾ ಸಹಿ ಹಾಕಿದಳು. ದೊಡ್ಡಣ್ಣ ದೇವರ ಮನೆಯ ಬಾಗಿಲಿಗೇ ಬಂದು ಎಲ್ಲರಿಗೂ ಮೈಸೂರು ಪಾಕು ಹಂಚಿದ.

ಮರುವರ್ಷ ಕಾರ್ಖಾನೆಯವರು ಮಾಗಡಿ ರಸ್ತೆಯ ಬಸ್ಸನ್ನು ಸುಂಕದಕಟ್ಟೆಯ ಆಚೆ ಬ್ಯಾಡರಹಳ್ಳಿಯವರೆಗೆ ವಿಸ್ತರಿಸಿದರು. ಆ ಕಡೆಯ ಹಳ್ಳಿಗಳಿಂದ ಕೆಲಸಕ್ಕೆ ಬರುವವರು ಹೆಚ್ಚಾಗಿದ್ದರು. ಪ್ರೋಗ್ರಾಮಿನ ಒಂದಕ್ಷರವೂ ಬದಲಾಗಲಿಲ್ಲ. ಹೊಸ ದಾರಿಯ ಒಂದು ಕಾರ್ಡು ಸೇರಿತು, ಅಷ್ಟೆ. ಅದಕ್ಕೆ ಮತ್ತೆ ಪರೀಕ್ಷೆ ಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಪಂಕಜಾಗೆ ಆ ವಿಷಯ ತಿಳಿದಿರಲೂ ಇಲ್ಲ.

ಆ ದಾರಿಗೆ ಬಿದ್ದ ಚಾಲಕ ಮರಿಯಪ್ಪ. ಸುಂಕದಕಟ್ಟೆಯವನು, ಅಪ್ಪ ರಾಗಿ ಬೆಳೆಯುತ್ತಿದ್ದ ಮನೆಯಿಂದ ಮೊದಲು ಸ್ಟೀರಿಂಗ್ ಹಿಡಿದವನು. ಹಲವು ವರ್ಷ ಒಂದು ಗೀರೂ ಇಲ್ಲದೆ ಬಸ್ಸು ಓಡಿಸಿದ್ದ. ಒಂದು ಬೆಳಗಿನ ಜಾವ, ಬಸ್ಸಿನ ತುಂಬ ಮೊದಲ ಪಾಳಿಯ ಜನರನ್ನು ಹತ್ತಿಸಿಕೊಂಡು ಬರುತ್ತಿದ್ದಾಗ, ಮುಂದೆ ತರಕಾರಿ ಹೇರಿದ ಎತ್ತಿನ ಗಾಡಿಯೊಂದು ಹೋಗುತ್ತಿತ್ತು. ಅದು ಅವನ ಕಣ್ಣಿಗೆ ಬಿದ್ದದ್ದು ತೀರ ಹತ್ತಿರ ಬಂದ ಮೇಲೆ. ಬ್ರೇಕ್ ತುಳಿದ. ಎತ್ತುಗಳು ಬೆದರಿ ಗಾಡಿ ಚರಂಡಿಗೆ ವಾಲಿತು, ಬದನೆಕಾಯಿ ರಸ್ತೆಯೆಲ್ಲ ಉರುಳಿತು. ಯಾರಿಗೂ ಏನೂ ಆಗಲಿಲ್ಲ. ಮರಿಯಪ್ಪ ಇಳಿದು ಗಾಡಿಯವನಿಗೆ ಕೈಕೊಟ್ಟು ಗಾಡಿ ಎತ್ತಿಸಿದ. ಆಮೇಲೆ ಬಸ್ಸನ್ನು ಪಕ್ಕಕ್ಕೆ ಹಾಕಿ, ಕೀ ತೆಗೆದು ಜೇಬಿಗಿಟ್ಟು, ಹೊಂಗೆ ಮರದ ಕೆಳಗೆ ಕೂತುಬಿಟ್ಟ.

"ನಾನು ಓಡ್ಸಾಕಿಲ್ಲ. ಕಣ್ಣು ತಾನಾಗೇ ಮುಚ್ಕೋತಾ ಅದೆ. ನೀವು ನಡ್ಕೊಂಡಾದ್ರೂ ಹೋಗಿ, ಬೈದಾದ್ರೂ ಹೋಗಿ."

ಜನ ಬೈದೇ ಹೋದರು. ಅಂದು ಮೊದಲ ಪಾಳಿಯ ಒಂದು ಶೆಡ್ಡು ಬಹಳ ಹೊತ್ತು ಖಾಲಿ ನಿಂತಿತು. ಮಧ್ಯಾಹ್ನದೊಳಗೆ ಮರಿಯಪ್ಪ ಸಸ್ಪೆಂಡ್ ಆದ. ಕೆಲಸದ ವೇಳೆ ಬಸ್ಸು ಬಿಟ್ಟು ಹೋದದ್ದು, ಉತ್ಪಾದನೆಗೆ ಅಡ್ಡಿ ಮಾಡಿದ್ದು ಎಂದು ಆರೋಪ. ವಿಶ್ರಾಂತಿ ಕೊಟ್ಟಿರಲಿಲ್ಲ ಎಂದು ಅವನು ಹೇಳಿದ. ಆದರೆ ಕಂಪ್ಯೂಟರಿನ ಚಾರ್ಟಿನಲ್ಲಿ ಅವನ ಹೆಸರಿನ ಮುಂದೆ ಎಲ್ಲರಿಗಿಂತ ಹೆಚ್ಚು ವಿಶ್ರಾಂತಿ ಕಾಣುತ್ತಿತ್ತು.

ವಿಚಾರಣೆಗೆ ಒಂದು ಪ್ರಮಾಣಪತ್ರ ಬೇಕೆಂದು ಸಿಬ್ಬಂದಿ ಅಧಿಕಾರಿ ಕೇಳಿದರು. ಗೋಪೀನಾಥ ಅದನ್ನು ಟೈಪ್ ಮಾಡಿಸಿ ಪಂಕಜಾಳ ಮೇಜಿಗೆ ತಂದರು.

"ಪ್ರೋಗ್ರಾಂ ಪರೀಕ್ಷೆ ಆಗಿದೆ, ಸರಿಯಾಗಿದೆ ಅಂತ. ನೀವು ಆಗಲೇ ಸಹಿ ಹಾಕಿರೋದೇ. ಇನ್ನೊಂದ್ಸಲ ಹಾಕಿ ಅಷ್ಟೆ."

ಪಂಕಜಾ ಪೆನ್ನು ತೆಗೆದವಳು ಹಾಗೇ ಹಿಡಿದುಕೊಂಡಳು. "ಅವನು ನಿದ್ದೆಗೆಟ್ಟಿದ್ದೆ ಅಂತ ಯಾಕೆ ಹೇಳ್ತಿದಾನೆ ಸಾರ್?"

"ಬೇರೆ ಎಲ್ಲಾದ್ರೂ ಲಾರಿ ಓಡಿಸ್ತಿರಬಹುದು. ನಮಗೆ ಯಾಕೆ ಅದು?"

"ಸೋಮವಾರ ಕೊಡ್ತೀನಿ ಸಾರ್. ಒಂದು ಸಲ ನೋಡಿಬಿಡ್ತೀನಿ."

ಮರಿಯಪ್ಪನ ಮಾತಿನಲ್ಲಿ ಅವಳಿಗೆ ಆಗ ನಂಬಿಕೆಯೇನೂ ಇರಲಿಲ್ಲ. ಯಾರೋ 'ತಪ್ಪಿದೆ' ಎಂದು ಹೇಳುತ್ತಿರುವಾಗ, ಅವನನ್ನು ಕೇಳದೆ 'ಸರಿಯಾಗಿದೆ' ಎಂದು ಬರೆಯಲು ಕೈ ಬರಲಿಲ್ಲ, ಅಷ್ಟೇ. ಭಾನುವಾರ ಸೇತುರಾಮನನ್ನು ಕರೆದುಕೊಂಡು ಸುಂಕದಕಟ್ಟೆಗೆ ಹೋದಳು. ಮನೆ ರಸ್ತೆಗೆ ಅಂಟಿಕೊಂಡೇ ಇತ್ತು. ಮರಿಯಪ್ಪನ ಹೆಂಡತಿ ಪಾಪಮ್ಮ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಕಾರ್ಖಾನೆಯವರು ಎಂದು ಕೇಳಿ ಅವಳ ಮುಖ ಬಿಗಿಯಿತು. ಆದರೂ ಚಾಪೆ ಹಾಕಿದಳು.

"ನಾನು ಕಂಪ್ಯೂಟರ್ ವಿಭಾಗದವಳು," ಎಂದಳು ಪಂಕಜಾ. "ನೀವು ಯಾವತ್ತು ಯಾವ ಬಸ್ಸು ಓಡಿಸಿದ್ರಿ, ಎಷ್ಟು ಹೊತ್ತಿಗೆ ಮುಗಿಸಿದ್ರಿ ಅಂತ ನಿಮ್ಮ ಬಾಯಲ್ಲೇ ಕೇಳೋಣ ಅಂತ ಬಂದೆ."

ಮರಿಯಪ್ಪ ಗೋಡೆಗೆ ಒರಗಿ ಕೂತ. ಆಮೇಲೆ ಶುರುಮಾಡಿದ. "ಎರಡ್ನೇ ಪಾಳಿಯೋರ್ನ ಹತ್ತಿಸ್ಕೊಂಡು ಬ್ಯಾಡರಹಳ್ಳಿಗೆ ಬಿಟ್ಟು, ಖಾಲಿ ಬಸ್ಸು ತಿರುಗ್ಸಿ ಗ್ಯಾರೇಜಿಗೆ ತರೋ ಹೊತ್ಗೆ ಹನ್ನೆರಡು ಹೊಡೆದಿರ್ತದೆ ಅಮ್ಮೋರೆ. ಆ ಹೊತ್ನಲ್ಲಿ ಮನೆಗೆ ಬರೋಕೆ ಏನೈತೆ? ಅಲ್ಲೇ ಬೆಂಚಿನ ಮ್ಯಾಲೆ ಬಿದ್ಕೋತಿದ್ದೆ. ಕೋಳಿ ಕೂಗೋ ಮುಂಚೆ ವಾಚ್‌ಮನ್ ಬಂದು ಎಬ್ಬಿಸೋನು, ಮೊದಲ್ನೇ ಬಸ್ಸು ನಂದೇ ಅಂತ. ಒಂದಿನ ಬಿಟ್ಟು ಒಂದಿನ ಹಿಂಗೇ. ದೊಡ್ಡಣ್ಣಂಗೆ ಹೇಳ್ದೆ. ಅವನು, ನನ್ನ ಕೇಳಬ್ಯಾಡಪ್ಪ, ಕಂಪ್ಯೂಟ್ರು ಹಾಕಿರೋದು, ಅದು ತಪ್ಪು ಮಾಡಾಕಿಲ್ಲ ಅಂದ."

ಪಾಪಮ್ಮ ಸೊಪ್ಪಿನಿಂದ ತಲೆಯೆತ್ತದೆ ಹೇಳಿದಳು: "ಮನೆ ಮುಂದೇನೇ ಹೋಗೋದು ಬಸ್ಸು. ಸದ್ದಿನಲ್ಲೇ ಅವರು ಅಂತ ಗೊತ್ತಾಗೋದು. ಇಳಿಯಂಗಿಲ್ಲ, ನಿಲ್ಲಂಗಿಲ್ಲ. ಅತ್ಲಾಗೆ ಒಂದ್ಸಲ ಹೋಗೋದು, ಇತ್ಲಾಗೆ ಒಂದ್ಸಲ."

ರಾತ್ರಿ ಹನ್ನೆರಡು ಎಂಬ ಮಾತಿನಲ್ಲೇ ಪಂಕಜಾಳ ಗಮನ ನಿಂತುಬಿಟ್ಟಿತ್ತು. ಅವಳು ಪರೀಕ್ಷೆ ಮಾಡಿದಾಗ ಯಾವ ಬಸ್ಸೂ ಹನ್ನೆರಡು ದಾಟುತ್ತಿರಲಿಲ್ಲ. ಅವಳ ಕಾರ್ಡಿನ ಚಾಲಕರೆಲ್ಲ ಹಾಗೇ ಹೊರಟ ದಿನವೇ ಮನೆ ಸೇರುವವರು. ಎಂಟು ಗಂಟೆಯ ಅಂಚಿನಲ್ಲಿ ನಿಂತು ಅಷ್ಟು ಎಚ್ಚರಿಕೆಯಿಂದ ನೋಡಿದ್ದಳು. ದಿನಕ್ಕೇ ಒಂದು ಅಂಚಿದೆ ಎಂಬುದು ಹೊಳೆದಿರಲಿಲ್ಲ.

ಹೊರಡುವಾಗ ಪಾಪಮ್ಮ ಕೇಳಿದಳು. "ಇದನ್ನ ನೋಡೋ ಕೆಲಸ ಯಾರದು ತಾಯಿ, ಅಲ್ಲಿ?"

"ನಂದೇ."

"ಮತ್ತೆ ಮೊದಲೇ ಯಾಕೆ ನೋಡ್ಲಿಲ್ಲ?"

ಆ ಪ್ರಶ್ನೆಯಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದಂತಿತ್ತು. ಬಸ್‌ಸ್ಟಾಪಿನಲ್ಲಿ ಸೇತುರಾಮ, "ಎಲ್ಲಾನೂ ಯಾರಿಗೆ ನೋಡಕ್ಕಾಗತ್ತೆ ಕಣೇ," ಎಂದು ಸಮಾಧಾನ ಹೇಳಿದ.

"ಆಗಲ್ಲ ರೀ. ಅದು ನಂಗೊತ್ತು. ಆದರೆ ಎಲ್ಲಾ ನೋಡಿದೀನಿ ಅನ್ನೋ ಹಾಗೆ ಸಹಿ ಹಾಕ್ದೆನಲ್ಲ."

ಸೋಮವಾರ ಬೆಳಗ್ಗೆ ಅವಳು ಒಂದು ಹೊಸ ಚಾಲಕನ ಕಾರ್ಡು ಹೊಡೆದಳು. ಮಧ್ಯಾಹ್ನ ಹೊರಟು, ನಡುರಾತ್ರಿ ಕಳೆದು ಅರ್ಧ ಗಂಟೆಗೆ ಡ್ಯೂಟಿ ಮುಗಿಸುವವನು. ಮರುದಿನ ಬೆಳಗಿನ ಐದರ ಬಸ್ಸು ಅವನಿಗೆ ಸಿಗಕೂಡದು ಎಂದು ಮೊದಲೇ ಬರೆದಿಟ್ಟಳು. ಯಂತ್ರ ಆ ಬಸ್ಸನ್ನು ಅವನಿಗೇ ಕೊಟ್ಟಿತು. ಚಕ್ರಪಾಣಿ ಪ್ರೋಗ್ರಾಂ ತೆಗೆದು ಸಾಲು ಸಾಲಾಗಿ ಬೆರಳಿಟ್ಟು ನೋಡಿದ. ಅದರಲ್ಲಿ ಡ್ಯೂಟಿ ಮುಗಿದ ಗಂಟೆಯಿತ್ತು, ಮುಗಿದ ತಾರೀಖು ಇರಲಿಲ್ಲ. ಶುರುವಾದ ದಿನವೇ ಮುಗಿಯಿತೆಂದು ಅದು ನಂಬಿಕೊಂಡಿತ್ತು. ಹಾಗಾಗಿ ಸೋಮವಾರ ಮಧ್ಯಾಹ್ನ ಹೊರಟು ನಡುರಾತ್ರಿ ದಾಟಿ ಬಂದವನು, ಅದರ ಲೆಕ್ಕದಲ್ಲಿ, ಸೋಮವಾರ ಬೆಳಕು ಹರಿಯುವ ಮುಂಚೆಯೇ ಬಂದು ಮಲಗಿದವನು. ಇಡೀ ಒಂದು ದಿನ ಸುಖವಾಗಿ ನಿದ್ದೆ ಮಾಡಿದವನು. ಎಲ್ಲರಿಗಿಂತ ತಡವಾಗಿ ಬಂದವನೇ ಎಲ್ಲರಿಗಿಂತ ಹೆಚ್ಚು ದಣಿವಾರಿಸಿಕೊಂಡವನು ಎಂದುಕೊಂಡು, ಯಂತ್ರ ಪ್ರತಿಸಲವೂ ಅವನನ್ನೇ ಹುಡುಕಿ ಮೊದಲ ಬಸ್ಸಿಗೆ ಹಾಕುತ್ತಿತ್ತು.

ಚಕ್ರಪಾಣಿ ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡ. "ನಂಗೆ ಹೊಳೀಲೇ ಇಲ್ಲ ಮೇಡಂ," ಎಂದ.

"ನಂಗೂ ಹೊಳೀಲಿಲ್ಲ."

ಗೋಪೀನಾಥ ಕೆಟ್ಟ ಮನುಷ್ಯನಲ್ಲ. ಕಾಗದವನ್ನು ಎರಡು ಸಲ ಓದಿದರು. ವಿಭಾಗಕ್ಕೆ ಹೊಸ ಯಂತ್ರ ಕೊಳ್ಳಲು ಆಡಳಿತದವರು ಒಪ್ಪುವ ಹಂತದಲ್ಲಿದ್ದರು. ಕಂಪ್ಯೂಟರ್ ಬಂದರೆ ಕೆಲಸ ಹೋಗುತ್ತದೆಂದು ಯೂನಿಯನ್ನಿನವರು ಮೊದಲೇ ಸಿಟ್ಟಾಗಿದ್ದರು. "ಸದ್ದಿಲ್ಲದೆ ಸರಿಮಾಡಿಬಿಡೋಣ. ಮರಿಯಪ್ಪನ ವಿಷಯ ನಾನು ಬಾಯಿಮಾತಲ್ಲಿ ಹೇಳ್ತೀನಿ, ಅವನೊಂದು ಕ್ಷಮೆ ಕೇಳಿದ್ರೆ ವಾಪಸ್ ತಗೋತಾರೆ," ಎಂದರು.

"ಅವನು ಯಾಕೆ ಸಾರ್ ಕ್ಷಮೆ ಕೇಳ್ಬೇಕು?"

"ಬಸ್ಸು ನಿಲ್ಲಿಸಿದ್ದು ತಪ್ಪಲ್ವಾ?"

"ನಿಲ್ಲಿಸದೇ ಇದ್ದಿದ್ರೆ ನಾವು ಇವತ್ತು ಬೇರೆ ಮಾತಾಡ್ತಿದ್ವಿ ಸಾರ್."

ಗೋಪೀನಾಥ ಕಿಟಕಿಯ ಕಡೆ ತಿರುಗಿದರು. ಆಮೇಲೆ, "ವಿಚಾರಣೆಗೆ ನೀವೇ ಬನ್ನಿ. ನಾನೂ ಪಕ್ಕದಲ್ಲಿರ್ತೀನಿ," ಎಂದರು.

ವಿಚಾರಣೆಯ ಕೋಣೆಯಲ್ಲಿ ಮರಿಯಪ್ಪ ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು ನಿಂತಿದ್ದ. ಪಂಕಜಾ ಸೋಮವಾರ, ಮಂಗಳವಾರ ಎಂದು ಕಪ್ಪು ಹಲಗೆಯ ಮೇಲೆ ಎರಡು ಚೌಕ ಬರೆದು, ತಪ್ಪು ಎಲ್ಲಿದೆ ಎಂದು ತೋರಿಸಿದಳು. ಸಿಬ್ಬಂದಿ ಅಧಿಕಾರಿಗೆ ಅದು ಬೇಗ ಅರ್ಥವಾಯಿತು. ಅರ್ಥವಾದದ್ದರಿಂದಲೇ ಅವರ ದನಿ ಗಟ್ಟಿಯಾಯಿತು.

"ಸರಿಯಾಗಿದೆ ಅಂತ ನೀವೇ ಸಹಿ ಹಾಕಿದ್ರಲ್ಲಮ್ಮ?"

"ಹಾಕಿದ್ದೆ ಸಾರ್. ನಾನು ನೋಡಿದ ಕಡೆ ತಪ್ಪು ಸಿಗಲಿಲ್ಲ ಅಂತ ಬರೀಬೇಕಿತ್ತು. ಸರಿಯಾಗಿದೆ ಅಂತ ಬರ್ದೆ. ಎರಡೂ ಒಂದೇ ಅಲ್ಲ."

"ಹಾಗಾದ್ರೆ ಪರೀಕ್ಷೆ ಯಾಕೆ ಮಾಡೋದು?"

"ಮಾಡದೇ ಇದ್ರೆ ಇಂಥವು ಇನ್ನೂ ಹೆಚ್ಚು ಇರ್ತಿದ್ವು ಸಾರ್. ಮಾಡಿದ್ರೆ ಕಡಿಮೆ ಆಗ್ತವೆ. ಒಂದೂ ಇಲ್ಲ ಅಂತ ಯಾರು ಹೇಳಿದ್ರೂ ನಂಬಬೇಡಿ. ನಾನು ಹೇಳಿದ್ರೂ."

ಮರಿಯಪ್ಪನ ಸಸ್ಪೆನ್ಷನ್ ರದ್ದಾಯಿತು. ಆದರೆ ಬಸ್ಸು ಬಿಟ್ಟು ಇಳಿದದ್ದಕ್ಕೆ ಒಂದು ಎಚ್ಚರಿಕೆ ಅವನ ಫೈಲಿನಲ್ಲಿ ಉಳಿಯಿತು. ಅದನ್ನು ತೆಗೆಸಲು ಪಂಕಜಾ ಎರಡು ಸಲ ಹೋಗಿ ಕೇಳಿದಳು, ಆಗಲಿಲ್ಲ. ಅವಳಿಗೂ ಒಂದು ಮೆಮೊ ಬಂತು. ಹೊಸ ಯಂತ್ರದ ಮಾತು ಒಂದು ವರ್ಷ ಮುಂದಕ್ಕೆ ಹೋಯಿತು. ಗೋಪೀನಾಥ ಅದನ್ನು ಅವಳ ಮುಂದೆ ಎಂದೂ ಎತ್ತಿ ಆಡಲಿಲ್ಲ. ಹಾಗಂತ ಮೊದಲಿನ ಸಲಿಗೆಯೂ ಉಳಿಯಲಿಲ್ಲ.

ಚಕ್ರಪಾಣಿ ಪ್ರೋಗ್ರಾಮಿಗೆ ತಾರೀಖು ಸೇರಿಸಿದ. ಈ ಸಲ ಹಳೆಯ ಕಾರ್ಡುಗಳನ್ನೆಲ್ಲ ಮತ್ತೆ ಓಡಿಸೋಣ ಎಂದವನು ಅವನೇ. ಪಂಕಜಾ ಹೊಡೆದ ಹೊಸ ಕಾರ್ಡುಗಳನ್ನೂ ಸೇರಿಸಿ ಓಡಿಸಿದಾಗ, ತಿಂಗಳ ಕೊನೆಯ ದಿನ ನಡುರಾತ್ರಿ ದಾಟಿದವನಿಗೆ ಮೂವತ್ತೆರಡನೆಯ ತಾರೀಖು ಬಂದು ಕೂತಿತ್ತು. ಇಬ್ಬರೂ ಅದನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಹಳ ದಿನಗಳ ಮೇಲೆ ಅಂದು ನಗು ಬಂತು.

ಅಂದಿನಿಂದ ಪಂಕಜಾ ಸಹಿ ಹಾಕುವ ಕಾಗದದಲ್ಲಿ ಎರಡು ಭಾಗಗಳಿರುತ್ತಿದ್ದವು. ಮೇಲೆ ನೋಡಿದ್ದು, ಕೆಳಗೆ ನೋಡಲಾಗದೆ ಬಿಟ್ಟದ್ದು. ಕೆಳಗಿನ ಭಾಗ ಬರೆಯಲು ಅವಳಿಗೆ ಹೆಚ್ಚು ಹೊತ್ತು ಬೇಕಾಗುತ್ತಿತ್ತು. ಕೆಲವು ಅಧಿಕಾರಿಗಳು ಅದನ್ನು ಅಳಿಸಿಕೊಂಡು ಬಾ ಎಂದು ಹಿಂದಕ್ಕೆ ಕಳಿಸುವರು. ಅವಳು ಅದನ್ನೇ ಮತ್ತೆ ಟೈಪ್ ಮಾಡಿಸಿ ಕಳಿಸುವಳು.

ಎಪ್ಪತ್ತೊಂಬತ್ತರಲ್ಲಿ ಕಾರ್ಖಾನೆಯ ಉಗ್ರಾಣದ ಸಾಮಾನು ಲೆಕ್ಕ ಕಂಪ್ಯೂಟರಿಗೆ ಬರುವುದಿತ್ತು. ಪ್ರೋಗ್ರಾಂ ಇನ್ನೂ ಅರ್ಧವಷ್ಟೇ ಬರೆದಾಗಿತ್ತು. ಪಂಕಜಾ ಊಟದ ಡಬ್ಬಿ ತೆಗೆದುಕೊಂಡು ಉಗ್ರಾಣಕ್ಕೆ ಹೋಗಿ ಒಂದು ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತಳು. ಮರುದಿನವೂ ಬಂದಳು. ತಾಮ್ರದ ತಂತಿ ಮಳೆಗಾಲದಲ್ಲಿ ಯಾಕೆ ಬೇರೆ ಕಡೆ ಇಡುತ್ತಾರೆ, ವಾಪಸ್ ಬಂದ ಸಾಮಾನು ಎಲ್ಲಿ ಹೋಗುತ್ತದೆ, ಬಾಗಿಲು ಹಾಕಿದ ಮೇಲೆ ಯಾರಾದರೂ ಅವಸರಕ್ಕೆ ಬೇಕೆಂದರೆ ಏನು ಮಾಡುತ್ತಾರೆ ಎಂದೆಲ್ಲ ಕೇಳಿದಳು. ಉಗ್ರಾಣದ ಮೇಲ್ವಿಚಾರಕ ಚಿಕ್ಕಮುನಿಯಪ್ಪನಿಗೆ ತಾಳ್ಮೆ ತಪ್ಪಿತು.

"ನಿಮ್ಗೆ ಏನು ಬೇಕು ಅಂತ ಹೇಳಿಬಿಡಿ ಮೇಡಂ, ನಾನೇ ತೆಗೆದು ಕೊಡ್ತೀನಿ."

"ಅದು ಗೊತ್ತಿದ್ದಿದ್ರೆ ನನ್ನ ಮೇಜಿನಲ್ಲೇ ಕೂತಿರ್ತಿದ್ದೆ," ಎಂದಳು ಪಂಕಜಾ. "ನೀವು ನಿಮ್ಮ ಕೆಲಸ ಮಾಡಿ. ನಾನು ನೋಡ್ತಿರ್ತೀನಿ."

ಅವನು ತಲೆ ಕೆರೆದುಕೊಂಡು, ಹೊರಗೆ ಬಂದು ನಿಂತ ಲಾರಿಯಿಂದ ಸಾಮಾನು ಇಳಿಸಲು ಹೋದ. ಪಂಕಜಾ ಸ್ಟೂಲನ್ನು ಎತ್ತಿಕೊಂಡು ಅವನ ಹಿಂದೆಯೇ ಬಾಗಿಲಿನ ಹತ್ತಿರ ಬಂದು ಕೂತಳು.